‘ಹೇಗಿದ್ದೀರಿ?’ ಎಂದು ಸರಿಯಾಗಿ ಕೇಳುವುದು: ಹೃದಯ ವೈಫಲ್ಯದಲ್ಲಿ ಬದುಕಿನ ಗುಣಮಟ್ಟ ಅಳೆಯುವ ಬಗೆ

ಹೃದಯ ವೈಫಲ್ಯವಿದ್ದ ಹಿರಿಯರೊಬ್ಬರನ್ನು ಒಮ್ಮೆ ಕೇಳಿದೆ: ‘ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ?’ ‘ಇಲ್ಲವೇ ಇಲ್ಲ’ ಎಂದರು. ಪಕ್ಕದಲ್ಲಿ ಕುಳಿತಿದ್ದ ಅವರ ಹೆಂಡತಿಗೆ ತಡೆಯಲಾಗಲಿಲ್ಲ. ‘ಹತ್ತಿದರೆ ತಾನೇ ಬರುವುದು! ನಾಲ್ಕು ತಿಂಗಳಿಂದ ಹಾಸಿಗೆಯನ್ನೇ ಕೆಳಗಿನ ಕೋಣೆಗೆ ತಂದುಕೊಂಡಿದ್ದಾರೆ.’ ನಾನು ಬರೆದುಕೊಂಡಿದ್ದ ‘ಇಲ್ಲ’ ಸುಳ್ಳಾಗಿರಲಿಲ್ಲ. ಆದರೆ ತಿಳಿಯಬೇಕಾದದ್ದೇನೂ ಅದರಲ್ಲಿ ಇರಲಿಲ್ಲ.

ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದಲ್ಲ, ಹೃದಯಾಘಾತವೂ ಅಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಸಲೀಸಾಗಿ ಪಂಪ್ ಮಾಡಲಾರದ ಸ್ಥಿತಿ ಅದು. ಬಹಳ ಮಂದಿ ಅದರೊಂದಿಗೆ ವರ್ಷಗಟ್ಟಲೆ ಬದುಕುತ್ತಾರೆ, ತಮ್ಮ ಬದುಕನ್ನು ಹೃದಯದ ಅಳತೆಗೆ ತಕ್ಕಂತೆ ಮಡಚಿಕೊಳ್ಳುತ್ತಾ ಹೋಗುತ್ತಾರೆ. ಮೊದಲು ಓಡುವುದು ನಿಲ್ಲುತ್ತದೆ, ಆಮೇಲೆ ಮೆಟ್ಟಿಲು, ಆಮೇಲೆ ನೆಂಟರ ಮನೆ. ಪ್ರತಿ ಬಾರಿ ಒಂದು ಮಡಿಕೆ ಬಿದ್ದಾಗಲೂ ಲಕ್ಷಣಗಳು ಕಡಿಮೆಯಾದಂತೆ ಕಾಣುತ್ತದೆ. ಬದುಕಿನ ಗುಣಮಟ್ಟವನ್ನು ಅಳೆಯುವ ಕೆಲಸವೆಂದರೆ ಈ ಮಡಿಕೆಗಳನ್ನು ಬಿಡಿಸಿ ನೋಡುವುದು. ಆಸ್ಪತ್ರೆಯ ಶುಶ್ರೂಷಕರು, ಸಂಶೋಧನೆ ಕೈಗೊಂಡ ವಿದ್ಯಾರ್ಥಿಗಳು, ಹೃದ್ರೋಗ ವಿಭಾಗದ ಕಿರಿಯ ವೈದ್ಯರು ಇದನ್ನು ಕ್ರಮವಾಗಿ ಮಾಡುವುದು ಹೇಗೆ ಎಂಬುದಕ್ಕಾಗಿ ಈ ಬರಹ. ರೋಗಿಯ ಮನೆಯವರಿಗೂ ಇದರ ಕೆಲವು ಭಾಗ ಉಪಯೋಗಕ್ಕೆ ಬರಬಹುದು.

ಹೆಜ್ಜೆ 1: ಯಾಕೆ ಅಳೆಯುತ್ತಿದ್ದೀರಿ ಎಂದು ಒಂದು ವಾಕ್ಯದಲ್ಲಿ ಬರೆದಿಡಿ

ಎಕೋ ಪರೀಕ್ಷೆಯಲ್ಲಿ (ಹೃದಯದ ಅಲ್ಟ್ರಾಸೌಂಡ್) ಇಜೆಕ್ಷನ್ ಫ್ರ್ಯಾಕ್ಷನ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು, ಶೇ 30 ಎಂದು ಬಂದ ಇಬ್ಬರಲ್ಲಿ ಒಬ್ಬರು ದಿನವೂ ಕೆಲಸಕ್ಕೆ ಹೋಗುತ್ತಿರಬಹುದು, ಇನ್ನೊಬ್ಬರಿಗೆ ಸ್ನಾನದ ಕೋಣೆಯೇ ದೂರವಾಗಿರಬಹುದು. ಎಕೋ ಹೃದಯವನ್ನು ತೋರಿಸುತ್ತದೆ, ಬದುಕನ್ನು ತೋರಿಸುವುದಿಲ್ಲ. 1928ರಿಂದ ಬಳಕೆಯಲ್ಲಿರುವ ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ನಿನ, ರೋಗಿಯ ಚಟುವಟಿಕೆಗೆ ಎಷ್ಟು ಅಡ್ಡಿಯಿದೆ ಎಂದು ಗುರುತಿಸುವ ನಾಲ್ಕು ದರ್ಜೆಗಳ ವರ್ಗೀಕರಣವೂ ಈ ಕೊರತೆಯನ್ನು ಪೂರ್ತಿ ತುಂಬದು. ಅಲ್ಲಿ ದರ್ಜೆ ಕೊಡುವವರು ವೈದ್ಯರು, ರೋಗಿಯಲ್ಲ. ಒಬ್ಬ ವೈದ್ಯರಿಗೆ ಎರಡನೇ ದರ್ಜೆಯಂತೆ ಕಂಡವರು ಇನ್ನೊಬ್ಬರಿಗೆ ಮೂರನೆಯದರಂತೆ ಕಾಣಬಹುದು. ಸಾಲದ್ದಕ್ಕೆ ನಾಲ್ಕೇ ಮೆಟ್ಟಿಲಿರುವ ಏಣಿಯಲ್ಲಿ ಸಣ್ಣ ಏರಿಳಿತ ಗೋಚರಿಸುವುದೂ ಇಲ್ಲ.

ಹಾಗಾಗಿ ರೋಗಿಯನ್ನೇ ಕೇಳಬೇಕು. ಆದರೆ ಕೇಳುವ ಉದ್ದೇಶ ಬೇರೆಬೇರೆ ಇರುತ್ತದೆ. ಹೊಸ ಔಷಧದಿಂದ ಈ ಒಬ್ಬರಿಗೆ ಅನುಕೂಲವಾಯಿತೇ ಎಂದು ನೋಡುವುದು ಒಂದು. ಎರಡು ಗುಂಪುಗಳನ್ನು ಹೋಲಿಸುವುದು ಇನ್ನೊಂದು. ಹೃದ್ರೋಗಿಗಳನ್ನು ಮೂತ್ರಪಿಂಡದ ಅಥವಾ ಶ್ವಾಸಕೋಶದ ರೋಗಿಗಳೊಂದಿಗೆ ಹೋಲಿಸುವುದು, ಚಿಕಿತ್ಸೆಯ ಖರ್ಚಿಗೆ ತಕ್ಕ ಪ್ರಯೋಜನವಿದೆಯೇ ಎಂದು ಲೆಕ್ಕ ಹಾಕುವುದು ಮತ್ತೂ ಬೇರೆ. ಯಾವ ಪ್ರಶ್ನಾವಳಿ ಬೇಕು ಎಂಬುದನ್ನು ಈ ಒಂದು ವಾಕ್ಯವೇ ತೀರ್ಮಾನಿಸುತ್ತದೆ. ಕೈಗೆ ಸಿಕ್ಕ ಪ್ರಶ್ನಾವಳಿ ಹಿಡಿದು ಹೊರಟು, ಉದ್ದೇಶವನ್ನು ಆಮೇಲೆ ಹೊಂದಿಸಿಕೊಂಡ ಅಧ್ಯಯನಗಳನ್ನು ನಾನು ಕಂಡಿದ್ದೇನೆ. ಕೊನೆಗೆ ಕೋಷ್ಟಕಗಳೇನೋ ತುಂಬಿದ್ದವು, ಉತ್ತರ ಮಾತ್ರ ಇರಲಿಲ್ಲ.

ಹೆಜ್ಜೆ 2: ಪ್ರಶ್ನಾವಳಿಯನ್ನು ಆರಿಸಿಕೊಳ್ಳಿ

ಸ್ವಂತವಾಗಿ ಪ್ರಶ್ನಾವಳಿ ಬರೆಯುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಬಿಟ್ಟುಬಿಡಿ. ಇಂದು ಕೇಳಿದರೂ ನಾಳೆ ಕೇಳಿದರೂ ಉತ್ತರ ನಿಲ್ಲುತ್ತದೆಯೇ, ರೋಗ ಬದಲಾದಾಗ ಅಂಕವೂ ಬದಲಾಗುತ್ತದೆಯೇ ಎಂದು ಪರೀಕ್ಷಿಸಿ ಸಾಬೀತು ಮಾಡಲು ವರ್ಷಗಳು ಬೇಕು. ಆ ಕೆಲಸ ಈಗಾಗಲೇ ಮುಗಿದಿರುವ ಎರಡು ಪ್ರಶ್ನಾವಳಿಗಳು ಹೃದಯ ವೈಫಲ್ಯಕ್ಕೆಂದೇ ಇವೆ.

ಹಳೆಯದು ಮಿನೆಸೋಟಾ ಪ್ರಶ್ನಾವಳಿ. 1980ರ ದಶಕದಲ್ಲಿ ರೂಪುಗೊಂಡದ್ದು. ಇಪ್ಪತ್ತೊಂದು ಪ್ರಶ್ನೆಗಳು, ಪ್ರತಿಯೊಂದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ, ಒಟ್ಟು 0ಯಿಂದ 105. ಕಳೆದ ಒಂದು ತಿಂಗಳಲ್ಲಿ ಹೃದಯದ ತೊಂದರೆಯಿಂದಾಗಿ ನೀವು ಬಯಸಿದಂತೆ ಬದುಕಲು ಎಷ್ಟರಮಟ್ಟಿಗೆ ಅಡ್ಡಿಯಾಯಿತು ಎಂಬುದು ಎಲ್ಲ ಪ್ರಶ್ನೆಗಳ ತಿರುಳು. ಕಾಲಿನ ಊತ, ನಿದ್ದೆ, ಮನೆಗೆಲಸ, ಸಂಪಾದನೆ ಇವುಗಳ ಜೊತೆಗೆ ಚಿಕಿತ್ಸೆಯ ಖರ್ಚು, ಔಷಧದ ಅಡ್ಡಪರಿಣಾಮ, ಮನೆಯವರಿಗೆ ಭಾರವಾಗಿದ್ದೇನೆ ಎಂಬ ಭಾವನೆಯನ್ನೂ ಅದು ಕೇಳುತ್ತದೆ. ಇದು ನನಗೆ ಮೆಚ್ಚುಗೆಯಾದ ಗುಣ.

ಇನ್ನೊಂದು ಕಾನ್ಸಾಸ್ ಸಿಟಿ ಕಾರ್ಡಿಯೊಮಯೋಪತಿ (ಹೃದಯದ ಸ್ನಾಯುವಿನ ರೋಗ) ಪ್ರಶ್ನಾವಳಿ, 2000ದಲ್ಲಿ ಪ್ರಕಟವಾದದ್ದು. ಮೂಲದಲ್ಲಿ 23 ಪ್ರಶ್ನೆಗಳಿವೆ. 2015ರಲ್ಲಿ ಬಂದ ಚಿಕ್ಕ ಆವೃತ್ತಿಯಲ್ಲಿ ಹನ್ನೆರಡೇ. ಇದು ಕೇಳುವುದು ಕಳೆದ ಎರಡು ವಾರಗಳ ಬಗ್ಗೆ. ಅಂಕ 0ಯಿಂದ 100. ದೈಹಿಕ ಮಿತಿ, ಲಕ್ಷಣಗಳು, ಬದುಕಿನ ಗುಣಮಟ್ಟ, ಸಾಮಾಜಿಕ ಮಿತಿ ಎಂಬ ನಾಲ್ಕು ವಿಭಾಗಗಳ ಸರಾಸರಿಯೇ ಒಟ್ಟು ಅಂಕ. ದೊಡ್ಡ ಆವೃತ್ತಿಯಲ್ಲಿ ಲಕ್ಷಣಗಳು ಇತ್ತೀಚೆಗೆ ಹೆಚ್ಚಿದವೇ ತಗ್ಗಿದವೇ ಎಂಬ ಪ್ರಶ್ನೆಯೂ, ಹದಗೆಟ್ಟರೆ ಏನು ಮಾಡಬೇಕೆಂದು ರೋಗಿಗೆ ಗೊತ್ತಿದೆಯೇ ಎಂಬ ಪ್ರಶ್ನೆಗಳೂ ಇವೆ, ಆದರೆ ಅವು ಒಟ್ಟು ಅಂಕಕ್ಕೆ ಸೇರುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಹೃದಯ ವೈಫಲ್ಯದ ಔಷಧ ಪ್ರಯೋಗಗಳಿಗೆ ಇದನ್ನು ಅರ್ಹ ಅಳತೆಗೋಲೆಂದು ಒಪ್ಪಿಕೊಂಡಿತು. ಈಗಿನ ದೊಡ್ಡ ಪ್ರಯೋಗಗಳಲ್ಲಿ ಹೆಚ್ಚಾಗಿ ಕಾಣುವುದೂ ಇದೇ.

ಎರಡರಲ್ಲಿ ಯಾವುದು? ಹೊರರೋಗಿ ವಿಭಾಗದ ದಿನನಿತ್ಯದ ಬಳಕೆಗೆ ಹನ್ನೆರಡು ಪ್ರಶ್ನೆಗಳ ಕಾನ್ಸಾಸ್ ಪ್ರಶ್ನಾವಳಿ ಸಾಕು ಎಂಬುದು ನನ್ನ ಅಭಿಪ್ರಾಯ. ಸಂಶೋಧನೆಗೆ, ಅದರಲ್ಲೂ ಲಕ್ಷಣಗಳನ್ನು ಬಿಡಿಬಿಡಿಯಾಗಿ ನೋಡಬೇಕಿದ್ದರೆ 23ರದ್ದು. ಕುಟುಂಬದ ಹೊರೆ, ಹಣದ ಚಿಂತೆ ನಿಮ್ಮ ಅಧ್ಯಯನದ ಮುಖ್ಯ ವಿಷಯವಾಗಿದ್ದರೆ ಮಿನೆಸೋಟಾ, ಯಾಕೆಂದರೆ ಕಾನ್ಸಾಸ್ ಆ ಕಡೆ ತಲೆಹಾಕುವುದಿಲ್ಲ.

ಒಂದು ಸೂಕ್ಷ್ಮವಿದೆ. ಮಿನೆಸೋಟಾದಲ್ಲಿ ‘ಈ ಪ್ರಶ್ನೆ ನನಗೆ ಅನ್ವಯಿಸುವುದಿಲ್ಲ’ ಎನ್ನುವವರೂ ಸೊನ್ನೆಯನ್ನೇ ಗುರುತಿಸಬೇಕು. ಕೆಲಸ ಬಿಟ್ಟು ಮನೆಯಲ್ಲಿ ಕುಳಿತವರು ಸಂಪಾದನೆಯ ಪ್ರಶ್ನೆ ತಮಗೆ ಅನ್ವಯಿಸದು ಎಂದುಕೊಂಡರೆ ಸೊನ್ನೆ, ಏನೂ ತೊಂದರೆಯಿಲ್ಲದೆ ದುಡಿಯುವವರಿಗೂ ಸೊನ್ನೆ. ಹಾಸಿಗೆ ಕೆಳಗೆ ತಂದುಕೊಂಡವರ ಕಥೆ ಇಲ್ಲಿ ಮತ್ತೆ ಎದುರಾಗುತ್ತದೆ. ಕಾನ್ಸಾಸ್ ಇದಕ್ಕೆ ಬೇರೆ ದಾರಿ ಹುಡುಕಿದೆ. ‘ಬೇರೆ ಕಾರಣದಿಂದ ಮಿತಿಯಾಗಿದೆ ಅಥವಾ ಈ ಚಟುವಟಿಕೆ ಮಾಡಿಲ್ಲ’ ಎಂಬ ಪ್ರತ್ಯೇಕ ಆಯ್ಕೆಯನ್ನು ಕೊಟ್ಟು, ಆ ಉತ್ತರವನ್ನು ಲೆಕ್ಕದಿಂದ ಹೊರಗಿಡುತ್ತದೆ. ಇದೂ ಪೂರ್ಣ ಪರಿಹಾರವಲ್ಲ, ಆದರೆ ಗೊತ್ತಿಲ್ಲದ್ದನ್ನು ಆರೋಗ್ಯವೆಂದು ಎಣಿಸುವುದಿಲ್ಲ.

ರೋಗ ರೋಗಗಳ ನಡುವೆ ಹೋಲಿಕೆ ಬೇಕಿದ್ದರೆ ಸಾಮಾನ್ಯ ಪ್ರಶ್ನಾವಳಿಗಳಿವೆ. 36 ಪ್ರಶ್ನೆಗಳ ಎಸ್‌ಎಫ್-36, ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳದ್ದು, ಓಡಾಟ, ಸ್ವಂತ ಆರೈಕೆ, ದಿನನಿತ್ಯದ ಕೆಲಸ, ನೋವು, ಆತಂಕ ಎಂಬ ಐದೇ ವಿಷಯಗಳನ್ನು ಕೇಳುವ ಇಕ್ಯೂ-5ಡಿ. ಖರ್ಚುವೆಚ್ಚದ ಲೆಕ್ಕಕ್ಕೆ ಕೊನೆಯದು ಬೇಕಾಗುತ್ತದೆ. ಆದರೆ ಹೃದಯ ವೈಫಲ್ಯದ ಸಣ್ಣ ಏರುಪೇರುಗಳಿಗೆ ಇವು ಅಷ್ಟು ಚುರುಕಲ್ಲ.

ಮರೆಯಬಾರದ ಇನ್ನೊಂದು ಮಾತು. ಮಿನೆಸೋಟಾ, ಕಾನ್ಸಾಸ್ ಎರಡಕ್ಕೂ ಹಕ್ಕುಸ್ವಾಮ್ಯವಿದೆ. ಬಳಸುವ ಮೊದಲು ಅನುಮತಿ ಪಡೆಯಬೇಕು. ಮಿತ್ರರೊಬ್ಬರು ಇಮೇಲ್‌ನಲ್ಲಿ ಕಳಿಸಿದ ಪ್ರತಿ ಅನುಮತಿಯಾಗುವುದಿಲ್ಲ.

ಹೆಜ್ಜೆ 3: ಭಾಷೆಯನ್ನು ಪರೀಕ್ಷಿಸಿ

ಅತಿ ಹೆಚ್ಚು ತಪ್ಪಾಗುವ ಜಾಗ ಇದು. ರೋಗಿಯ ಭಾಷೆಯಲ್ಲಿ ಅಧಿಕೃತ ಅನುವಾದವಿದೆಯೇ ಎಂದು ಹಕ್ಕುಳ್ಳವರನ್ನೇ ಕೇಳಿ. ಇದ್ದರೆ ಅದನ್ನೇ ಬಳಸಿ, ನಿಮ್ಮ ಕಿವಿಗೆ ಚೆನ್ನಾಗಿ ಕೇಳಿಸುವಂತೆ ತಿದ್ದಲು ಹೋಗಬೇಡಿ. ಇಲ್ಲದಿದ್ದರೆ ಅನುಮತಿ ಪಡೆದು ಕ್ರಮಬದ್ಧವಾಗಿ ಮಾಡಿಸಬೇಕು. ಇಬ್ಬರು ಬೇರೆಬೇರೆಯಾಗಿ ಅನುವಾದಿಸುತ್ತಾರೆ, ಎರಡನ್ನೂ ಹೊಂದಿಸಿ ಒಂದು ಮಾಡಲಾಗುತ್ತದೆ, ಮೂಲವನ್ನು ನೋಡಿರದ ಇನ್ನೊಬ್ಬರು ಅದನ್ನು ಮತ್ತೆ ಮೂಲಭಾಷೆಗೆ ತಿರುಗಿಸುತ್ತಾರೆ, ಎಲ್ಲಿ ಅರ್ಥ ಜಾರಿತು ಎಂದು ತಜ್ಞರು ಕೂತು ನೋಡುತ್ತಾರೆ. ಕೊನೆಯಲ್ಲಿ ಕೆಲವು ರೋಗಿಗಳಿಗೆ ಓದಿ ಹೇಳಿ, ‘ಈ ಪ್ರಶ್ನೆಯಿಂದ ನಿಮಗೆ ಏನು ತಿಳಿಯಿತು? ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಕೇಳಬೇಕು. ಈ ಕೊನೆಯ ಹಂತವನ್ನು ಸಮಯವಿಲ್ಲವೆಂದು ಬಿಡುವವರೇ ಹೆಚ್ಚು. ನಿಜವಾದ ಗುಟ್ಟುಗಳೆಲ್ಲ ಹೊರಬೀಳುವುದು ಅಲ್ಲೇ.

ಕನ್ನಡದ್ದೇ ಉದಾಹರಣೆ ನೋಡಿ. ಕಾನ್ಸಾಸ್ ಪ್ರಶ್ನಾವಳಿ ದಣಿವನ್ನು ಒಂದು ಪ್ರಶ್ನೆಯಲ್ಲಿ, ಏದುಸಿರನ್ನು ಇನ್ನೊಂದರಲ್ಲಿ ಕೇಳುತ್ತದೆ. ನಮ್ಮಲ್ಲಿ ‘ಆಯಾಸ’ ಎಂಬ ಪದವನ್ನು ಕೆಲವರು ಮೈ ಸೋತದ್ದಕ್ಕೆ ಬಳಸುತ್ತಾರೆ, ಇನ್ನು ಕೆಲವರು ಉಸಿರು ಸಿಗದೆ ಎದೆ ಏರಿಳಿಯುವುದಕ್ಕೆ ಬಳಸುತ್ತಾರೆ. ‘ಸುಸ್ತು’ ಎರಡಕ್ಕೂ ಸಲ್ಲುತ್ತದೆ. ದಣಿವಿನ ಪ್ರಶ್ನೆಯಲ್ಲಿ ‘ಆಯಾಸ’ ಎಂದು ಬರೆದರೆ ಒಂದೇ ಲಕ್ಷಣವನ್ನು ಎರಡು ಸಲ ಎಣಿಸಿದಂತಾಗಬಹುದು. ‘ಉಬ್ಬಸ’ ಎಂದರೆ ‘ನನಗೆ ಆಸ್ತಮಾ ಇಲ್ಲ’ ಎಂಬ ಉತ್ತರ ಬರುತ್ತದೆ. ಮನಸ್ಸು ಕುಗ್ಗಿದ ಬಗ್ಗೆ ಕೇಳುವ ಕಡೆ ‘ಬೇಸರ’ ಎಂದರೆ ಹೊತ್ತು ಹೋಗದ ಬೇಸರವೂ ಆಗುತ್ತದೆ, ಸಿಟ್ಟಿನ ಬೇಸರವೂ ಆಗುತ್ತದೆ, ದುಃಖವೂ ಆಗುತ್ತದೆ. ಹವ್ಯಾಸಗಳ ಬಗ್ಗೆ ಕೇಳಿದಾಗ ಒಬ್ಬರು ನನ್ನತ್ತ ಸ್ವಲ್ಪ ನೊಂದ ಮುಖದಿಂದ ನೋಡಿ, ‘ನನಗೆ ಯಾವ ಕೆಟ್ಟ ಹವ್ಯಾಸವೂ ಇಲ್ಲ’ ಎಂದರು. ಬೀಡಿ, ಕುಡಿತದ ಬಗ್ಗೆ ವಿಚಾರಿಸುತ್ತಿದ್ದೇನೆ ಎಂದು ಅವರು ತಿಳಿದಿದ್ದರು. ಪದಕೋಶದ ಪ್ರಕಾರ ಪ್ರಶ್ನೆಯಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ದೂರದ ಅಳತೆಯೂ ಹೀಗೆಯೇ. ಮೂಲದಲ್ಲಿ ‘ಒಂದು ಬ್ಲಾಕ್’, ಅಂದರೆ ಒಂದು ಅಡ್ಡರಸ್ತೆಯಿಂದ ಮುಂದಿನದರವರೆಗೆ, ನಡೆಯುವುದೆಂದಿದೆ. ಬ್ಲಾಕುಗಳಾಗಿ ಕಟ್ಟದ ಊರಿನವರಿಗೆ ಅದು ಅರ್ಥವಾಗದು. ಅಧಿಕೃತ ಅನುವಾದ ಇಂಥದ್ದಕ್ಕೆ ಸುಮಾರು ನೂರು ಮೀಟರ್ ಎಂಬಂಥ ಅಳತೆಯನ್ನು ಕೊಟ್ಟಿದ್ದರೆ, ಅದನ್ನು ಎಲ್ಲ ರೋಗಿಗಳಿಗೂ ಒಂದೇ ರೀತಿಯಲ್ಲಿ ಹೇಳಿ.

ಹೆಜ್ಜೆ 4: ಕೇಳುವ ಹೊತ್ತು, ಜಾಗ, ಬಾಯಿ

ಪ್ರಶ್ನಾವಳಿಯನ್ನು ವೈದ್ಯರನ್ನು ಕಾಣುವ ಮೊದಲೇ ಕೊಡಿ. ‘ಎಕೋ ಚೆನ್ನಾಗಿದೆ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಕಾಲಿನ ಊತವೂ ಕಡಿಮೆಯಾದಂತೆ ಅನಿಸತೊಡಗುತ್ತದೆ. ಕೆಟ್ಟ ಸುದ್ದಿ ಕೇಳಿದವರಲ್ಲಿ ಇದರ ತಿರುವುಮುರುವು.

ಓದಬಲ್ಲವರು ತಾವೇ ತುಂಬಲಿ. ಓದಲಾಗದವರಿಗೆ, ಕಣ್ಣು ಮಂಜಾದವರಿಗೆ ಓದಿ ಹೇಳಿ, ಆದರೆ ಓದಿ ಹೇಳುವುದು ಅಂದರೆ ಅಷ್ಟೇ. ಪ್ರಶ್ನೆಯನ್ನು ಇದ್ದಂತೆ ಓದಿ, ಆಯ್ಕೆಗಳನ್ನೆಲ್ಲ ಓದಿ, ಸುಮ್ಮನಿರಿ. ‘ಅಷ್ಟೇನೂ ತೊಂದರೆ ಇಲ್ಲ, ಅಲ್ಲವೇ?’ ಎಂಬ ಒಂದು ಮಾತು ಸಾಕು, ಅಲ್ಲಿಂದ ಮುಂದಿನ ಉತ್ತರಗಳು ನಿಮ್ಮವೇ ಆಗುತ್ತವೆ. ಅರ್ಥವಾಗಲಿಲ್ಲ ಎಂದರೆ ಮತ್ತೊಮ್ಮೆ ನಿಧಾನವಾಗಿ ಓದಿ. ಮೊದಲ ಸಲ ಓದಿ ಹೇಳಿದವರಿಗೆ ಮುಂದಿನ ಸಲವೂ ಓದಿಯೇ ಹೇಳಿ. ತಾವೇ ಬರೆಯುವಾಗ ಒಪ್ಪಿಕೊಳ್ಳುವ ಕಷ್ಟವನ್ನು ಎದುರಿಗೆ ಕುಳಿತವರಿಗೆ ಹೇಳಲು ಜನ ಹಿಂಜರಿಯುತ್ತಾರೆ. ವಿಧಾನ ಬದಲಾದರೆ ರೋಗ ಬದಲಾಗದಿದ್ದರೂ ಅಂಕ ಬದಲಾದೀತು.

ಮನೆಯವರ ವಿಷಯ ಸ್ವಲ್ಪ ನಾಜೂಕಿನದು. ಹೆಂಡತಿ ಬಾಯಿ ಹಾಕಿದ್ದರಿಂದಲೇ ನನಗೆ ಮೆಟ್ಟಿಲಿನ ಸತ್ಯ ತಿಳಿದದ್ದು ನಿಜ. ಆದರೂ ಪ್ರಶ್ನಾವಳಿಯಲ್ಲಿ ರೋಗಿಯ ಉತ್ತರವೇ ಇರಬೇಕು. ಹೊರಗಿನಿಂದ ಕಾಣುವ ನಡಿಗೆ, ಊತಗಳನ್ನು ಮನೆಯವರು ಸುಮಾರಾಗಿ ಸರಿಯಾಗಿಯೇ ಹೇಳಬಲ್ಲರು. ಒಳಗಿನ ಭಯ, ಬೇಸತ್ತ ಮನಸ್ಸು ಅವರಿಗೂ ಅಂದಾಜೇ. ರೋಗಿ ಉತ್ತರಿಸಿ ಮುಗಿದ ಮೇಲೆ ಮನೆಯವರನ್ನು ಮಾತಿಗೆ ಕರೆಯಿರಿ, ಅವರು ಹೇಳಿದ್ದನ್ನು ಬೇರೆ ಜಾಗದಲ್ಲಿ ಬರೆಯಿರಿ, ಅಂಕವನ್ನು ಮಾತ್ರ ತಿದ್ದಬೇಡಿ. ಲೈಂಗಿಕ ಜೀವನದ ಪ್ರಶ್ನೆ ಎರಡೂ ಪೂರ್ಣ ಪ್ರಶ್ನಾವಳಿಗಳಲ್ಲಿದೆ, ಹನ್ನೆರಡರದ್ದರಲ್ಲಿ ಇಲ್ಲ. ಮಗನೋ ಸೊಸೆಯೋ ಪಕ್ಕದಲ್ಲಿ ನಿಂತಿರುವಾಗ ಅದನ್ನು ಓದಿ ಹೇಳುವವರಿಗೆ ನನ್ನ ಸಹಾನುಭೂತಿಯಿದೆ. ಪರದೆಯೊಂದನ್ನು ಎಳೆಯಿರಿ, ಇಲ್ಲವೇ ಕಾಗದವನ್ನು ಅವರ ಕೈಗೇ ಕೊಡಿ. ಉತ್ತರಿಸದೆ ಬಿಡುವ ಹಕ್ಕು ಅವರಿಗಿದೆ ಎಂದೂ ತಿಳಿಸಿ.

ಹೆಜ್ಜೆ 5: ಲೆಕ್ಕ ಹಾಕಿ, ಒಮ್ಮೆಯಾದರೂ ಕೈಯಿಂದಲೇ

ಕಂಪ್ಯೂಟರ್ ಮಾಡಿಕೊಡುತ್ತದೆ, ನಿಜ. ಆದರೂ ಮೊದಲ ಕೆಲವು ರೋಗಿಗಳದ್ದನ್ನು ಕಾಗದದ ಮೇಲೆ ಮಾಡಿ ನೋಡಿದರೆ ತಪ್ಪು ಎಲ್ಲಿಂದ ನುಸುಳುತ್ತದೆ ಎಂದು ಗೊತ್ತಾಗುತ್ತದೆ. ಹನ್ನೆರಡು ಪ್ರಶ್ನೆಗಳ ಕಾನ್ಸಾಸ್‌ನಲ್ಲಿ ಒಬ್ಬ ಕಲ್ಪಿತ ರೋಗಿಯನ್ನು ತೆಗೆದುಕೊಳ್ಳೋಣ.

ದೈಹಿಕ ಮಿತಿಯ ಮೂರು ಪ್ರಶ್ನೆಗಳಿಗೆ 1ರಿಂದ 5ರವರೆಗೆ ಅಂಕ. 1 ಎಂದರೆ ವಿಪರೀತ ಮಿತಿ, 5 ಎಂದರೆ ಮಿತಿಯೇ ಇಲ್ಲ. ನಮ್ಮ ರೋಗಿ ಸ್ನಾನಕ್ಕೆ 4, ಸಮತಟ್ಟಾದ ದಾರಿಯಲ್ಲಿ ನಡೆಯಲು 3 ಗುರುತಿಸಿದ್ದಾರೆ. ಅವಸರದ ನಡಿಗೆ ಅಥವಾ ಓಟಕ್ಕೆ, ಮಂಡಿನೋವಿನಿಂದಾಗಿ ಮಾಡಿಲ್ಲ ಎಂಬ ಆರನೆಯ ಆಯ್ಕೆ. ಆರನ್ನು ಬಿಡುತ್ತೇವೆ. ಉಳಿದ ಎರಡರ ಸರಾಸರಿ 3.5. ಅದರಿಂದ 1 ಕಳೆದು, 4ರಿಂದ ಭಾಗಿಸಿ, ನೂರರಿಂದ ಗುಣಿಸಿದರೆ 62.5.

ಲಕ್ಷಣಗಳು ನಾಲ್ಕು. ಊತ ಮತ್ತು ಕುಳಿತೇ ನಿದ್ರಿಸಬೇಕಾದ ರಾತ್ರಿಗಳ ಪ್ರಶ್ನೆಗಳಿಗೆ ಐದು ಆಯ್ಕೆ, ದಣಿವು ಮತ್ತು ಏದುಸಿರಿಗೆ ಏಳು. ಆಯ್ಕೆಗಳ ಸಂಖ್ಯೆ ಬೇರೆಯಾದ್ದರಿಂದ ಪ್ರತಿಯೊಂದನ್ನೂ ಮೊದಲು ನೂರಕ್ಕೆ ತರಬೇಕು: 1 ಕಳೆದು, ಐದು ಆಯ್ಕೆಯಿದ್ದಲ್ಲಿ 4ರಿಂದ, ಏಳಿದ್ದಲ್ಲಿ 6ರಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಊತ 4, ಅಂದರೆ 75. ದಣಿವು ಏಳರಲ್ಲಿ 3, ಅಂದರೆ 33.3. ಏದುಸಿರು ಏಳರಲ್ಲಿ 4, ಅಂದರೆ 50. ಮಲಗಿ ನಿದ್ರಿಸಲು ತೊಂದರೆಯೇ ಇಲ್ಲ, 100. ಸರಾಸರಿ 64.6.

ಬದುಕಿನ ಗುಣಮಟ್ಟದ ಎರಡು ಪ್ರಶ್ನೆಗಳಲ್ಲಿ, ಬದುಕಿನ ಸಂತೋಷಕ್ಕೆ ಎಷ್ಟು ಅಡ್ಡಿಯಾಗಿದೆ ಎಂಬುದಕ್ಕೆ 3, ಉಳಿದ ಜೀವನವೆಲ್ಲ ಈಗಿರುವಂತೆಯೇ ಇರಬೇಕಾದರೆ ಹೇಗನಿಸುತ್ತದೆ ಎಂಬುದಕ್ಕೆ 2. ಸರಾಸರಿ 2.5, ನೂರಕ್ಕೆ 37.5. ಸಾಮಾಜಿಕ ಮಿತಿಯಲ್ಲಿ 3, 3, 4. ನೂರಕ್ಕೆ 58.3.

ನಾಲ್ಕರ ಸರಾಸರಿ 55.7. ಇದೇ ಒಟ್ಟು ಅಂಕ.

ಈಗ ಒಂದು ತಪ್ಪು ಮಾಡಿ ನೋಡೋಣ. ದತ್ತಾಂಶ ತುಂಬಿದವರು ಆರನ್ನು ಬಿಡದೆ, ಅದೂ ಒಂದು ಅಂಕವೆಂದು ಸೇರಿಸಿಬಿಟ್ಟರು. ಆಗ ದೈಹಿಕ ಮಿತಿ 83.3 ಆಗುತ್ತದೆ. ಒಟ್ಟು ಅಂಕ 60.9. ಮಂಡಿನೋವಿನಿಂದ ಓಡಲಾಗದವರು ಕಾಗದದ ಮೇಲೆ ಐದಂಕ ಆರೋಗ್ಯವಂತರಾದರು! ಒಂದು ಔಷಧ ಫಲ ಕೊಟ್ಟಿದೆ ಎನ್ನಲು ಬೇಕಾದ ಕನಿಷ್ಠ ಏರಿಕೆಯೂ ಸರಿಸುಮಾರು ಇಷ್ಟೇ, ಮುಂದೆ ನೋಡುತ್ತೀರಿ.

ಉತ್ತರ ಬಿಟ್ಟುಹೋದಾಗ ಸೊನ್ನೆ ತುಂಬಬೇಡಿ. ಚಿಕ್ಕ ಆವೃತ್ತಿಯಲ್ಲಿ ದೈಹಿಕ ಮತ್ತು ಸಾಮಾಜಿಕ ವಿಭಾಗಗಳಿಗೆ ಮೂರರಲ್ಲಿ ಎರಡು, ಲಕ್ಷಣಗಳಿಗೆ ನಾಲ್ಕರಲ್ಲಿ ಎರಡು, ಗುಣಮಟ್ಟಕ್ಕೆ ಒಂದು ಉತ್ತರವಾದರೂ ಇದ್ದರೆ ಆ ವಿಭಾಗದ ಅಂಕ ತೆಗೆಯಬಹುದು, ಇಲ್ಲದಿದ್ದರೆ ಖಾಲಿ ಬಿಡಬೇಕು. ಕಾಗದವನ್ನು ಮರಳಿ ಪಡೆಯುವಾಗಲೇ ಪುಟ ತಿರುಗಿಸಿ ನೋಡಿ. ಹಿಂಬದಿಯ ಪುಟ ಖಾಲಿ ಉಳಿಯುವುದಕ್ಕೆ ಹೆಚ್ಚಿನ ಸಲ ಕಾರಣ ರೋಗಿಯ ಸಂಕೋಚವಲ್ಲ, ಹಿಂದೆ ಪುಟವಿದೆ ಎಂದು ಯಾರೂ ಹೇಳದಿರುವುದು.

ಹೆಜ್ಜೆ 6: ಅಂಕಕ್ಕೆ ಅರ್ಥ ಹಚ್ಚಿ

ಮೊದಲು ದಿಕ್ಕು ನೋಡಿ. ಕಾನ್ಸಾಸ್‌ನಲ್ಲಿ ಅಂಕ ಹೆಚ್ಚಾದಷ್ಟೂ ಒಳ್ಳೆಯದು, ಮಿನೆಸೋಟಾದಲ್ಲಿ ಹೆಚ್ಚಾದಷ್ಟೂ ಕೆಟ್ಟದ್ದು. ಎರಡನ್ನೂ ಒಂದೇ ನಕ್ಷೆಯಲ್ಲಿ ಹಾಕುವವರು ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಲಿ.

ಕಾನ್ಸಾಸ್ ಅಂಕವನ್ನು ಇಪ್ಪತ್ತೈದರ ನಾಲ್ಕು ಪಟ್ಟಿಗಳಾಗಿ ನೋಡುವ ರೂಢಿಯಿದೆ. 25ಕ್ಕಿಂತ ಕೆಳಗೆ ತೀರಾ ಕಷ್ಟದ ಸ್ಥಿತಿ, 75 ಮತ್ತು ಮೇಲಿನದು ಚೆನ್ನಾಗಿರುವ ಸ್ಥಿತಿ. ನಮ್ಮ ಕಲ್ಪಿತ ರೋಗಿಯ 55.7 ನಡುವಿನದು. ಆದರೆ ಒಟ್ಟು ಅಂಕದಲ್ಲೇ ನಿಲ್ಲಬೇಡಿ. ಅವರ ಲಕ್ಷಣಗಳ ಅಂಕ 64.6, ಬದುಕಿನ ಗುಣಮಟ್ಟದ್ದು 37.5. ಉಸಿರು, ಊತಗಳು ತಕ್ಕಮಟ್ಟಿಗೆ ಹತೋಟಿಯಲ್ಲಿದ್ದರೂ ಮನಸ್ಸು ಒಪ್ಪಿಲ್ಲ. ಇಂಥ ಅಂತರ ಕಂಡಾಗ ಮೂತ್ರ ಹೆಚ್ಚಿಸುವ ಮಾತ್ರೆಯ ಪ್ರಮಾಣಕ್ಕೆ ಕೈಹಾಕುವ ಮೊದಲು ಖಿನ್ನತೆಯ ಬಗ್ಗೆ ಕೇಳುವುದು ಒಳ್ಳೆಯದು. ಎರಡೇ ಪ್ರಶ್ನೆಗಳ ಪಿಎಚ್‌ಕ್ಯೂ-2 ಇದಕ್ಕೆ ಸಾಕು. ಅದರಲ್ಲಿ ಆರಕ್ಕೆ ಮೂರು ಅಥವಾ ಹೆಚ್ಚು ಬಂದರೆ ಮುಂದಿನ ವಿಚಾರಣೆ ಬೇಕು. ಬದುಕೇ ಬೇಡವೆನಿಸಿದೆ ಎಂದು ರೋಗಿ ಹೇಳಿದರೆ ಕಾಗದ ಬದಿಗಿಟ್ಟು ಅದೇ ಹೊತ್ತಿಗೆ ವೈದ್ಯರನ್ನು ಕರೆಯಿರಿ.

ಬದಲಾವಣೆಯ ಅಳತೆ ಹೀಗಿದೆ. ಕಾನ್ಸಾಸ್‌ನಲ್ಲಿ 5 ಅಂಕದ ವ್ಯತ್ಯಾಸ ಚಿಕ್ಕದಾದರೂ ರೋಗಿಯ ಅನುಭವಕ್ಕೆ ಬರುವಂಥದ್ದು, 10 ಮಧ್ಯಮ, 20 ದೊಡ್ಡದು. ಮಿನೆಸೋಟಾದಲ್ಲೂ 5 ಅಂಕವನ್ನೇ ಸಾಮಾನ್ಯವಾಗಿ ಗಡಿಯಾಗಿ ಹಿಡಿಯುತ್ತಾರೆ. ಆದರೆ ಒಬ್ಬ ರೋಗಿಯಲ್ಲಿ 5 ಅಂಕ ಏರಿದ ಮಾತ್ರಕ್ಕೆ ಹಿಗ್ಗಬಾರದು. ಹಿಂದಿನ ರಾತ್ರಿಯ ಕೆಟ್ಟ ನಿದ್ದೆಯೂ ಅಷ್ಟನ್ನು ಅಲುಗಾಡಿಸಬಲ್ಲದು. ಎರಡು ಭೇಟಿಗಳಲ್ಲಿ ಅದೇ ದಿಕ್ಕು ಮುಂದುವರಿದರೆ ನಂಬಬಹುದು.

ಗುಂಪುಗಳ ಅಧ್ಯಯನದಲ್ಲಿ ಸರಾಸರಿಯೊಂದನ್ನೇ ಕೊಟ್ಟು ಮುಗಿಸಬೇಡಿ. ಸರಾಸರಿ 2 ಅಂಕ ಏರಿತು ಎಂದರೆ ಎಲ್ಲರೂ ತುಸು ಸುಧಾರಿಸಿದರೋ, ಕೆಲವರು ಬಹಳ ಸುಧಾರಿಸಿ ಕೆಲವರು ಕುಸಿದರೋ ತಿಳಿಯದು. 5 ಅಂಕ ಏರಿದವರು ಎಷ್ಟು, ಇಳಿದವರು ಎಷ್ಟು, ಇದ್ದಲ್ಲೇ ಇದ್ದವರು ಎಷ್ಟು ಎಂದು ಬಿಡಿಸಿ ಹೇಳಿ.

ಹೆಜ್ಜೆ 7: ಮತ್ತೆ ಅಳೆಯಿರಿ, ಇಲ್ಲದವರನ್ನೂ ಎಣಿಸಿ

ಎರಡು ವಾರಗಳ ನೆನಪನ್ನು ಕೇಳುವ ಪ್ರಶ್ನಾವಳಿಯನ್ನು ಮೂರು ದಿನಕ್ಕೊಮ್ಮೆ ಕೊಡುವುದರಲ್ಲಿ ಅರ್ಥವಿಲ್ಲ. ಚಿಕಿತ್ಸೆ ಬದಲಾಯಿಸುವ ಮೊದಲು ಒಮ್ಮೆ, ಬದಲಾಯಿಸಿ ಒಂದೆರಡು ತಿಂಗಳಿಗೆ ಒಮ್ಮೆ, ಸ್ಥಿರವಾಗಿರುವವರಿಗೆ ಮೂರರಿಂದ ಆರು ತಿಂಗಳಿಗೊಮ್ಮೆ ಎಂಬುದು ನಾನು ಇಟ್ಟುಕೊಂಡಿರುವ ಲೆಕ್ಕ. ಆಸ್ಪತ್ರೆಗೆ ಸೇರಿದ ದಿನದ ಅಂಕವನ್ನು ಆಧಾರವಾಗಿಟ್ಟುಕೊಂಡರೆ ಆಮೇಲೆ ಯಾವ ಚಿಕಿತ್ಸೆಯೂ ಅದ್ಭುತವಾಗಿಯೇ ಕಾಣುತ್ತದೆ, ಯಾಕೆಂದರೆ ಆ ದಿನಕ್ಕಿಂತ ಕೆಟ್ಟ ದಿನ ಇರುವುದಿಲ್ಲ.

ಇನ್ನೊಂದು ವಿಚಿತ್ರ ಸಂಗತಿ ಇದೆ. ಕಾಲ ಕಳೆದಂತೆ ರೋಗಿಯೊಳಗಿನ ಅಳತೆಗೋಲೇ ಬದಲಾಗುತ್ತದೆ. ಆರು ತಿಂಗಳ ಹಿಂದೆ ‘ತೀವ್ರ ಮಿತಿ’ ಎಂದವರು, ದೇಹ ಇನ್ನಷ್ಟು ಸೋತಿದ್ದರೂ, ಇಂದು ‘ಅಲ್ಪ ಮಿತಿ’ ಎನ್ನಬಹುದು. ಮನುಷ್ಯ ಹೊಂದಿಕೊಳ್ಳುತ್ತಾನೆ, ಬದುಕುವುದಕ್ಕೆ ಅದು ಬೇಕೇ ಬೇಕು, ಅಳೆಯುವವರಿಗೆ ಮಾತ್ರ ಅದು ತಲೆನೋವು. ಇದನ್ನು ಹಿಡಿಯಲು ಒಂದು ಸರಳ ದಾರಿ, ಪ್ರಶ್ನಾವಳಿಯ ಜೊತೆಗೆ ಆರು ನಿಮಿಷಗಳ ನಡಿಗೆಯ ಪರೀಕ್ಷೆಯಂಥ ಹೊರಗಿನ ಅಳತೆಯೊಂದನ್ನು ಇಟ್ಟುಕೊಳ್ಳುವುದು. ನಡೆದ ದೂರ ಇಳಿಯುತ್ತಿದ್ದು ಅಂಕ ಏರುತ್ತಿದ್ದರೆ, ಬದುಕು ಸುಧಾರಿಸಿತೇ ಅಥವಾ ಇನ್ನೊಂದು ಮಡಿಕೆ ಬಿದ್ದಿತೇ ಎಂದು ಕೂತು ಮಾತಾಡಬೇಕು. ‘ಹಿಂದಿನ ಸಲ ಬಂದಾಗ ಮಾಡುತ್ತಿದ್ದು, ಈಗ ಬಿಟ್ಟಿರುವುದು ಏನಾದರೂ ಇದೆಯೇ?’ ಎಂಬ ಒಂದು ಹೆಚ್ಚುವರಿ ಪ್ರಶ್ನೆಯನ್ನು, ಪ್ರಶ್ನಾವಳಿ ಮುಗಿದ ಮೇಲೆ, ನಾನು ತಪ್ಪದೆ ಕೇಳುತ್ತೇನೆ. ಅದಕ್ಕೆ ಅಂಕವಿಲ್ಲ.

ಸಂಶೋಧಕರಿಗೆ ಒಂದು ಮಾತು. ಎರಡನೆಯ ಅಳತೆಗೆ ಬಾರದವರು ಯಾರು? ಹಲವರು ಬರಲಾರದಷ್ಟು ಸೋತವರು, ಕೆಲವರು ತೀರಿಕೊಂಡವರು. ಬಂದವರ ಸರಾಸರಿಯನ್ನಷ್ಟೇ ಹಾಕಿದರೆ ಗುಂಪು ಸುಧಾರಿಸಿದಂತೆ ಕಾಣುತ್ತದೆ. ಸಾವನ್ನು ‘ಉತ್ತರ ಸಿಕ್ಕಿಲ್ಲ’ ಎಂಬ ಖಾನೆಗೆ ಹಾಕುವುದು ಲೆಕ್ಕದ ತಪ್ಪು ಮಾತ್ರವಲ್ಲ, ನನಗೆ ಅದು ಅಗೌರವದಂತೆಯೂ ಕಾಣುತ್ತದೆ. ಎಷ್ಟು ಮಂದಿ ತೀರಿಕೊಂಡರು, ಎಷ್ಟು ಮಂದಿ ಬರಲಿಲ್ಲ, ಯಾಕೆ ಎಂಬುದನ್ನು ಅಂಕಗಳ ಪಕ್ಕದಲ್ಲೇ ಬರೆಯಿರಿ. ಸಂಖ್ಯಾಶಾಸ್ತ್ರ ಬಲ್ಲವರನ್ನು ಅಧ್ಯಯನ ಶುರುವಾಗುವ ಮೊದಲೇ ಕೇಳಿ. ಮುಗಿದ ಮೇಲೆ ಅವರ ಬಳಿಗೆ ಹೋದರೆ ಅವರು ಮಾಡಬಹುದಾದ್ದು ಹೆಚ್ಚೇನಿಲ್ಲ.

ಪ್ರಶ್ನಾವಳಿ ತುರ್ತು ಪರೀಕ್ಷೆಯಲ್ಲ ಎಂಬುದನ್ನು ರೋಗಿಗೂ ಮನೆಯವರಿಗೂ ಸ್ಪಷ್ಟವಾಗಿ ಹೇಳಿ. ಸುಮ್ಮನೆ ಕುಳಿತಾಗಲೂ ಉಸಿರು ಸಿಗದಿದ್ದರೆ, ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೂರು ದಿನಗಳಲ್ಲಿ ತೂಕ 2 ಕಿಲೋಗಿಂತ ಹೆಚ್ಚಿದರೆ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು.

ಹೆಜ್ಜೆ 8: ಅಂಕವನ್ನು ರೋಗಿಯ ಮುಂದಿಡಿ

ಹನ್ನೆರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟವರಿಗೆ ಅದು ಏನಾಯಿತೆಂದು ತಿಳಿಯುವ ಹಕ್ಕಿದೆ. ಕಾಗದ ಕಡತದೊಳಗೆ ಸೇರಿ ಯಾರೂ ಆ ಬಗ್ಗೆ ಮಾತೆತ್ತದಿದ್ದರೆ, ಮೂರನೆಯ ಸಲ ರೋಗಿ ಎಲ್ಲದಕ್ಕೂ ನಡುವಿನ ಆಯ್ಕೆಗೆ ಗುರುತು ಹಾಕಿ ಎದ್ದುಹೋಗುತ್ತಾರೆ. ಅವರ ತಪ್ಪೇನಿಲ್ಲ. ಹಿಂದಿನ ಮತ್ತು ಇಂದಿನ ಅಂಕಗಳನ್ನು ಪಕ್ಕಪಕ್ಕದಲ್ಲಿ ತೋರಿಸಿ, ‘ಇಲ್ಲಿ ಇಳಿದಿದೆ. ಈ ಎರಡು ವಾರಗಳಲ್ಲಿ ಏನಾಯಿತು?’ ಎಂದು ಕೇಳಿ. ಉತ್ತರ ಹೃದಯದ ಬಗ್ಗೆಯೇ ಇರಬೇಕೆಂದಿಲ್ಲ. ಮಾತ್ರೆ ತೆಗೆದುಕೊಂಡರೆ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆಂದು ಹೊರಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಮಾತ್ರೆ ತೆಗೆದುಕೊಳ್ಳುವ ಹೊತ್ತನ್ನು ವೈದ್ಯರೊಂದಿಗೆ ಮಾತಾಡಿ ಬದಲಾಯಿಸಿಕೊಂಡರೆ ಅವರ ಸಾಮಾಜಿಕ ಮಿತಿಯ ಅಂಕ ಏರೀತು.

ಕಡತದಲ್ಲಿ ಬರೆಯುವಾಗ ಒಟ್ಟು ಅಂಕವೊಂದನ್ನೇ ಬರೆಯಬೇಡಿ. ಯಾವ ಪ್ರಶ್ನಾವಳಿ, ಯಾರು ತುಂಬಿದ್ದು, ಯಾವಾಗ, ವಿಭಾಗಗಳ ಅಂಕ, ಬಿಟ್ಟ ಉತ್ತರಕ್ಕೆ ಕಾರಣ, ಜೊತೆಗೆ ರೋಗಿಯ ಬಾಯಿಂದ ಬಂದ ಒಂದು ಮಾತು, ಇಷ್ಟಿರಲಿ. ನಮ್ಮ ಕಲ್ಪಿತ ರೋಗಿಯದ್ದು ಹೀಗಿರಬಹುದು:

‘ಕಾನ್ಸಾಸ್, 12 ಪ್ರಶ್ನೆ. ತಾವೇ ತುಂಬಿದ್ದು, ವೈದ್ಯರ ಭೇಟಿಗೆ ಮುನ್ನ. ದೈಹಿಕ ಮಿತಿ 62.5 (ಎರಡೇ ಉತ್ತರ, ಅವಸರದ ನಡಿಗೆ ಮಂಡಿನೋವಿನಿಂದ ಮಾಡಿಲ್ಲ), ಲಕ್ಷಣ 64.6, ಗುಣಮಟ್ಟ 37.5, ಸಾಮಾಜಿಕ ಮಿತಿ 58.3. ಒಟ್ಟು 55.7. ಹಿಂದಿನ ಭೇಟಿಯಿಂದ ಈಚೆಗೆ ಬಿಟ್ಟದ್ದು: ಸಂಜೆಯ ವಾಯುವಿಹಾರ. ರೋಗಿಯ ಮಾತು: “ಮೊಮ್ಮಗಳನ್ನು ಎತ್ತಿಕೊಳ್ಳಲು ಭಯವಾಗುತ್ತದೆ, ಅದನ್ನು ಯಾರೂ ಕೇಳಲೇ ಇಲ್ಲ.”’